ದೊಡ್ಡೀರಜ್ಜಿಯ ದೊಡ್ಡಪತ್ರೆ

ಕಾಲು ಮಡಚಿ ಕೂತಿರಾ? ಪಕ್ಕದವರಿಗೂ ಜಾಗ ಬಿಟ್ಟಿರಾ? ಹಾಗಾದರೆ ಕೇಳಿ.

ಒಂದು ಊರು. ಊರಲ್ಲಿ ಒಂದು ಬೀದಿ. ಬೀದಿಯಲ್ಲಿ ಒಂದು ಮನೆ. ಆ ಮನೆಯಲ್ಲಿ ಒಬ್ಬಳು ಅಜ್ಜಿ. ಅವಳ ಹೆಸರು ದೊಡ್ಡೀರಜ್ಜಿ. ಅದೇ ಮನೆಯಲ್ಲಿ ಒಬ್ಬಳು ಮೊಮ್ಮಗಳು. ಅವಳ ಹೆಸರು ಪುಟ್ಟೀರಿ.

ಮನೆಯ ಹಿಂದೆ ಹಿತ್ತಲು. ಹಿತ್ತಲಲ್ಲಿ ಒಂದು ಗಿಡ. ದೊಡ್ಡಪತ್ರೆ ಗಿಡ. ದಪ್ಪ ದಪ್ಪ ಎಲೆ. ಮೆತ್ತಮೆತ್ತನೆ ಎಲೆ. ಮುಟ್ಟಿದರೆ ಸಾಕು, ಘಮ್ ಅನ್ನುವ ಎಲೆ.

ಪುಟ್ಟೀರಿಗೆ ನೆಗಡಿ ಬಂದರೆ ಅಜ್ಜಿ ಎರಡು ಎಲೆ ಕೀಳುತ್ತಿದ್ದಳು. ಕೆಂಡದ ಮೇಲೆ ಬಾಡಿಸುತ್ತಿದ್ದಳು. ರಸ ಹಿಂಡುತ್ತಿದ್ದಳು. ಜೇನು ಬೆರೆಸಿ ನೆಕ್ಕಿಸುತ್ತಿದ್ದಳು. ಅದಕ್ಕೇ ಅಜ್ಜಿಯ ಕೈ ಯಾವಾಗಲೂ ದೊಡ್ಡಪತ್ರೆ ಘಮ ಘಮ.

ಒಂದು ದಿನ ಅಜ್ಜಿ ಚಾಪೆ ಹಿಡಿದಳು. ಎದ್ದು ಕೂರಲು ಆಗಲಿಲ್ಲ. ಪುಟ್ಟೀರಿಯನ್ನು ಹತ್ತಿರ ಕರೆದಳು.

"ಮಗಾ, ಗಿಡಕ್ಕೆ ನೀರು ಹಾಕು. ಹಿತ್ತಲ ತಡಿಕೆ ಮುಚ್ಚು" ಅಂದಳು.

"ಹೂಂ ಅಜ್ಜಿ" ಅಂದಳು ಪುಟ್ಟೀರಿ.

ಪುಟ್ಟೀರಿ ಗಿಡಕ್ಕೆ ನೀರು ಹಾಕಿದಳು. ಹಿತ್ತಲ ತಡಿಕೆ ಮುಚ್ಚಿದಳು. ಬಿದಿರು ಹೆಣೆದ ತಡಿಕೆ ಅದು. ಎಳೆದು, ಮುಚ್ಚಿ, ಕಲ್ಲು ಆನಿಸಿಡಬೇಕು. ದಿನಾ ನೀರು ಹಾಕಿದಳು. ದಿನಾ ತಡಿಕೆ ಮುಚ್ಚಿದಳು.

ಆಮೇಲೆ ಒಂದು ದಿನ ಅಜ್ಜಿ ಕಣ್ಣು ಬಿಡಲಿಲ್ಲ. ಪುಟ್ಟೀರಿ ಕರೆದಳು. ಅಜ್ಜಿ ಓ ಅನ್ನಲಿಲ್ಲ. ಮನೆ ತುಂಬ ಜನ ಬಂದರು. ಜನ ಹೋದರು. ಅಜ್ಜಿಯ ಚಾಪೆಯನ್ನು ಸುತ್ತಿ ಅಟ್ಟದ ಮೇಲೆ ಇಟ್ಟರು.

ಅಜ್ಜಿ ಸತ್ತ ಹನ್ನೊಂದು ದಿನಕ್ಕೆ ಮನೆಯಲ್ಲಿ ತಿಥಿ. ಮತ್ತೆ ಮನೆ ತುಂಬ ಜನ. ಪುಟ್ಟೀರಿ ಗಿಡಕ್ಕೆ ನೀರು ಹಾಕುತ್ತಿದ್ದಳು. ಒಳಗಿಂದ ಅವ್ವ ಕರೆದಳು, "ಪುಟ್ಟೀರೀ, ಬೇಗ ಬಾರೇ!" ಪುಟ್ಟೀರಿ ಓಡಿದಳು. ನೀರು ಹಾಕಿದ್ದಳು. ತಡಿಕೆ ಮುಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ನೋಡುತ್ತಾಳೆ, ಹಿತ್ತಲಲ್ಲಿ ಒಂದು ಕರಿ ಆಡು. ಆಡಿನ ಬಾಯಲ್ಲಿ ಹಸಿರು ಎಲೆ. ಕರಕ್ ಕರಕ್. ಕರಕ್ ಕರಕ್. ಎಲೆ ಇಲ್ಲ, ಕಡ್ಡಿ ಇಲ್ಲ. ಬೇರು ಕಿತ್ತು ಬಿಸಿಲಿಗೆ ಬಿದ್ದಿದೆ.

"ಹೋಯ್! ಹೋಯ್!" ಅಂತ ಪುಟ್ಟೀರಿ ಕೂಗಿದಳು. ಆಡು ಓಡಿಹೋಯಿತು. ಗಿಡವೂ ಹೋಯಿತು.

ಪುಟ್ಟೀರಿ ಅಲ್ಲೇ ಕೂತಳು. ಅಳು ಬಂತು. ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಆಗ ಅವಳಿಗೆ ಗೌರತ್ತೆಯ ನೆನಪಾಯಿತು. ಆಚೆ ಬೀದಿಯ ಗೌರತ್ತೆ. ಅವಳ ಬಚ್ಚಲ ಪಕ್ಕ ಒಂದು ದೊಡ್ಡಪತ್ರೆ ಇದೆ. ಅದು ಅಜ್ಜಿ ಕೊಟ್ಟ ಕಡ್ಡಿಯಿಂದ ಬಂದ ಗಿಡ.

ಪುಟ್ಟೀರಿ ಕಣ್ಣು ಒರೆಸಿಕೊಂಡಳು. ನಡೆದಳು, ನಡೆದಳು, ನಡೆದಳು.

ಗೌರತ್ತೆ ಬಚ್ಚಲಲ್ಲಿ ಪಾತ್ರೆ ಬೆಳಗುತ್ತಿದ್ದಳು.

"ಯಾಕೆ ಪುಟ್ಟೀರಿ, ಬೆಳಿಗ್ಗೆ ಬೆಳಿಗ್ಗೇನೇ ಬಂದೆ?"

"ಕರಿ ಆಡು ಗಿಡ ತಿಂತು.
ಅತ್ತೆ, ಒಂದು ಕಡ್ಡಿ ಕೊಡ್ತೀಯಾ?"

"ಅಯ್ಯೋ, ದೊಡ್ಡೀರಜ್ಜಿಯ ಗಿಡವೇ? ಹಿತ್ತಲಿಗೆ ಆಡು ಹೇಗೆ ಬಂತೇ?"

ಪುಟ್ಟೀರಿ ನೆಲ ನೋಡಿದಳು.

"ಅಳಬೇಡ ಕಣೇ. ಕಡ್ಡಿ ಕೊಡ್ತೀನಿ. ಆದರೆ ನೆಲದಲ್ಲಿ ನೆಟ್ಟರೆ ಮತ್ತೆ ಆಡು ತಿನ್ನುತ್ತೆ. ಕುಂಡದಲ್ಲಿ ನೆಡು. ಗೋಡೆ ಮೇಲೆ ಇಡು. ಹೋಗು, ತಿಪ್ಪಣ್ಣ ಮಾವನ ಹತ್ತಿರ ಕುಂಡ ತಗೊಂಡು ಬಾ. ಆಮೇಲೆ ಕಡ್ಡಿ ಕೊಡ್ತೀನಿ."

ಪುಟ್ಟೀರಿ ಕಣ್ಣು ಒರೆಸಿಕೊಂಡಳು. ನಡೆದಳು, ನಡೆದಳು, ನಡೆದಳು.

ತಿಪ್ಪಣ್ಣ ಮಾವ ಕುಂಬಾರ. ಅವನ ಚಕ್ರ ಗಿರಗಿರ ತಿರುಗುತ್ತಿತ್ತು. ಮನೆ ಮುಂದೆ ಸಾಲು ಸಾಲು ಕುಂಡ, ಸಾಲು ಸಾಲು ಮಡಕೆ.

"ಯಾಕವ್ವ ಪುಟ್ಟೀರಿ, ಕಣ್ಣು ಕೆಂಪಗಾಗಿದೆ?"

"ಕರಿ ಆಡು ಗಿಡ ತಿಂತು.
ಗೌರತ್ತೆ ಕಡ್ಡಿ ಕೊಡ್ತಾಳಂತೆ, ಅವಳಿಗೆ ಕುಂಡ ಬೇಕಂತೆ.
ಮಾವ, ಒಂದು ಕುಂಡ ಕೊಡ್ತೀಯಾ?"

"ಛೇ ಛೇ! ಹಿತ್ತಲಿಗೆ ಆಡು ಹೇಗೆ ಬಂತವ್ವ?"

ಪುಟ್ಟೀರಿ ಚಕ್ರ ನೋಡಿದಳು.

"ಅಳಬೇಡ. ಕುಂಡ ಕೊಡ್ತೀನಿ. ಆದರೆ ಇವೆಲ್ಲ ಹಸಿ ಕುಂಡ ಕಣವ್ವ. ಮುಟ್ಟಿ ನೋಡು. ನೀರು ಹಾಕಿದರೆ ಕರಗಿಹೋಗುತ್ತೆ. ಆವಿಗೆಯಲ್ಲಿಟ್ಟು ಸುಡಬೇಕು. ಸುಡೋಕೆ ಬೆರಣಿ ಇಲ್ಲ. ಕರಿಯಕ್ಕನ ಹತ್ತಿರ ಬೆರಣಿ ತಗೊಂಡು ಬಾ. ಆಮೇಲೆ ಕುಂಡ ಕೊಡ್ತೀನಿ."

ಪುಟ್ಟೀರಿ ಕಣ್ಣು ಒರೆಸಿಕೊಂಡಳು. ನಡೆದಳು, ನಡೆದಳು, ನಡೆದಳು.

ಕರಿಯಕ್ಕ ಸೀರೆ ಎತ್ತಿಕಟ್ಟಿ ಕೊಟ್ಟಿಗೆ ಗುಡಿಸುತ್ತಿದ್ದಳು. ಒಂದು ಮೂಲೆಯಲ್ಲಿ ಸಗಣಿ ಗುಡ್ಡೆ. ಗೋಡೆ ಮೇಲೆ ಹಳೇ ಬೆರಣಿಯ ದುಂಡು ದುಂಡು ಗುರುತು. ಬೆರಣಿ ಒಂದೂ ಇಲ್ಲ.

"ಏನು ಮಗಳೇ, ಒಬ್ಬಳೇ ಬಂದಿದೀಯ?"

"ಕರಿ ಆಡು ಗಿಡ ತಿಂತು.
ಗೌರತ್ತೆ ಕಡ್ಡಿ ಕೊಡ್ತಾಳಂತೆ, ಅವಳಿಗೆ ಕುಂಡ ಬೇಕಂತೆ.
ತಿಪ್ಪಣ್ಣ ಮಾವ ಕುಂಡ ಕೊಡ್ತಾನಂತೆ, ಅವನಿಗೆ ಬೆರಣಿ ಬೇಕಂತೆ.
ಅಕ್ಕಾ, ಬೆರಣಿ ಕೊಡ್ತೀಯಾ?"

"ಅಯ್ಯೋ ಕೂಸೇ! ನಿಮ್ಮ ಹಿತ್ತಲಿಗೆ ತಡಿಕೆ ಇದೆಯಲ್ಲ. ಆಡು ಹೇಗೆ ಬಂತು?"

ಪುಟ್ಟೀರಿ ಗೋಡೆ ನೋಡಿದಳು.

"ಅಳಬೇಡ, ಅಳಬೇಡ. ಬೆರಣಿ ತಟ್ಟಿ ಕೊಡ್ತೀನಿ. ಆದರೆ ಬರೀ ಸಗಣಿ ತಟ್ಟಿದರೆ ಗೋಡೆಗೆ ನಿಲ್ಲಲ್ಲ. ಪುಡಿಯಾಗಿ ಉದುರುತ್ತೆ. ಹೊಟ್ಟು ಕಲಸಬೇಕು. ಓಬಳಯ್ಯನ ಕಣಕ್ಕೆ ಹೋಗು, ಒಂದು ಪುಟ್ಟಿ ರಾಗಿ ಹೊಟ್ಟು ತಗೊಂಡು ಬಾ. ಆಮೇಲೆ ಬೆರಣಿ ಕೊಡ್ತೀನಿ."

ಪುಟ್ಟೀರಿ ಕಣ್ಣು ಒರೆಸಿಕೊಂಡಳು. ನಡೆದಳು, ನಡೆದಳು, ನಡೆದಳು.

ಬಿಸಿಲು ನೆತ್ತಿಗೆ ಬಂತು. ಅಜ್ಜಿ ಇದ್ದಿದ್ದರೆ ಸೆರಗು ಹೊದಿಸುತ್ತಿದ್ದಳು. ಅಜ್ಜಿ ಇರಲಿಲ್ಲ.

ಕಣ ಊರಾಚೆ. ಕಣದ ತುಂಬ ರಾಗಿ ತೆನೆ ಹರಡಿತ್ತು. ಎರಡು ಎತ್ತು ಬೇವಿನ ಮರದ ಕೆಳಗೆ ಸುಮ್ಮನೆ ನಿಂತಿದ್ದವು. ಓಬಳಯ್ಯ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಯಾರದು? ದೊಡ್ಡೀರಜ್ಜಿ ಮೊಮ್ಮಗಳಲ್ಲವಾ? ಏನವ್ವ?"

"ಕರಿ ಆಡು ಗಿಡ ತಿಂತು.
ಗೌರತ್ತೆ ಕಡ್ಡಿ ಕೊಡ್ತಾಳಂತೆ, ಅವಳಿಗೆ ಕುಂಡ ಬೇಕಂತೆ.
ತಿಪ್ಪಣ್ಣ ಮಾವ ಕುಂಡ ಕೊಡ್ತಾನಂತೆ, ಅವನಿಗೆ ಬೆರಣಿ ಬೇಕಂತೆ.
ಕರಿಯಕ್ಕ ಬೆರಣಿ ಕೊಡ್ತಾಳಂತೆ, ಅವಳಿಗೆ ಹೊಟ್ಟು ಬೇಕಂತೆ.
ಮಾವ, ಒಂದು ಪುಟ್ಟಿ ಹೊಟ್ಟು ಕೊಡ್ತೀಯಾ?"

"ಆಡು ತಿಂತಾ? ಅಷ್ಟು ಒಳಗೆ ಹೇಗೆ ಬಂತು ಅದು?"

ಪುಟ್ಟೀರಿ ಎತ್ತುಗಳನ್ನು ನೋಡಿದಳು.

"ಅಳಬೇಡ ತಾಯೀ. ಹೊಟ್ಟು ಕೊಡ್ತೀನಿ. ಒಂದಲ್ಲ, ಎರಡು ಪುಟ್ಟಿ ಕೊಡ್ತೀನಿ. ಆದರೆ ಎತ್ತಿನ ಹಗ್ಗ ಕಿತ್ತುಹೋಗಿದೆ ನೋಡು. ಹಗ್ಗ ಇಲ್ಲದೆ ಎತ್ತು ತಿರುಗಲ್ಲ. ಎತ್ತು ತಿರುಗದೆ ತೆನೆ ತುಳಿಯಲ್ಲ. ತೆನೆ ತುಳಿಯದೆ ಹೊಟ್ಟಿಲ್ಲ. ಮಾರಜ್ಜನ ಹತ್ತಿರ ಹಗ್ಗ ತಗೊಂಡು ಬಾ. ಆಮೇಲೆ ಹೊಟ್ಟು ಕೊಡ್ತೀನಿ."

ಪುಟ್ಟೀರಿ ಕಣ್ಣು ಒರೆಸಿಕೊಂಡಳು. ನಡೆದಳು, ನಡೆದಳು, ನಡೆದಳು.

ಮಾರಜ್ಜ ಹಗ್ಗ ಹೊಸೆಯುವವನು. ಕಿವಿ ಮಂದ. ಅರಳಿಕಟ್ಟೆ ಮೇಲೆ ಬರಿಗೈಯಲ್ಲಿ ಕೂತಿದ್ದ.

"ಏನು?" ಅಂದ ಮಾರಜ್ಜ.

"ಕರಿ ಆಡು ಗಿಡ ತಿಂತು.
ಗೌರತ್ತೆ ಕಡ್ಡಿ ಕೊಡ್ತಾಳಂತೆ, ಅವಳಿಗೆ ಕುಂಡ ಬೇಕಂತೆ.
ತಿಪ್ಪಣ್ಣ ಮಾವ ಕುಂಡ ಕೊಡ್ತಾನಂತೆ, ಅವನಿಗೆ ಬೆರಣಿ ಬೇಕಂತೆ.
ಕರಿಯಕ್ಕ ಬೆರಣಿ ಕೊಡ್ತಾಳಂತೆ, ಅವಳಿಗೆ ಹೊಟ್ಟು ಬೇಕಂತೆ.
ಓಬಳಯ್ಯ ಮಾವ ಹೊಟ್ಟು ಕೊಡ್ತಾನಂತೆ, ಅವನಿಗೆ ಹಗ್ಗ ಬೇಕಂತೆ.
ತಾತಾ, ಹಗ್ಗ ಕೊಡ್ತೀಯಾ?"

"ಏನು? ಜೋರಾಗಿ ಹೇಳು!"

ಪಾಪ, ಪುಟ್ಟೀರಿ ಎಲ್ಲವನ್ನೂ ಮತ್ತೆ ಹೇಳಿದಳು. ಕೂಗಿ ಕೂಗಿ ಹೇಳಿದಳು. ಆಡು ಹೇಗೆ ಬಂತು ಅಂತ ಮಾರಜ್ಜ ಕೇಳಲಿಲ್ಲ. ಕೇಳದೆ ಇದ್ದರೂ ಪುಟ್ಟೀರಿಯ ಗಂಟಲಲ್ಲಿ ಆ ಮಾತು ಹಾಗೇ ಸಿಕ್ಕಿಕೊಂಡಿತ್ತು.

"ಅಳಬೇಡ, ಅಳಬೇಡ. ಹಗ್ಗ ಹೊಸೆದು ಕೊಡ್ತೀನಿ. ಆದರೆ ನಾರಿಲ್ಲವಲ್ಲ ಮಗಾ. ನಾರು ತೆಗೆಯೋಳು ಕೆಂಚಜ್ಜಿ. ಕೆರೆ ಏರಿ ಕೆಳಗೆ ಅವಳ ಮನೆ. ನಾನು ಎರಡು ಸಲ ಹೋಗಿ ಬಂದೆ. ಬಾಗಿಲೇ ತೆಗೆಯಲಿಲ್ಲ. ನೀನು ಹೋಗಿ ಕೇಳು. ನಾರು ತಗೊಂಡು ಬಾ. ಆಮೇಲೆ ಹಗ್ಗ ಕೊಡ್ತೀನಿ."

ಪುಟ್ಟೀರಿ ಕಣ್ಣು ಒರೆಸಿಕೊಂಡಳು. ನಡೆದಳು, ನಡೆದಳು, ನಡೆದಳು.

ಕಾಲು ನೋವು ಬಂತು. ಹೊಟ್ಟೆ ಹಸಿಯಿತು. ಹೊತ್ತು ಪಡುವಣಕ್ಕೆ ವಾಲಿತು. ಕೆರೆ ಏರಿ ಕೆಳಗೆ ಕತ್ತಾಳೆ ಬೇಲಿ. ಬೇಲಿಯ ಒಳಗೆ ಒಂದು ಪುಟ್ಟ ಮನೆ. ಬಾಗಿಲು ಮುಚ್ಚಿತ್ತು.

"ಅಜ್ಜೀ" ಅಂದಳು ಪುಟ್ಟೀರಿ.

ಬಾಗಿಲು ತಟ್ಟಿದಳು.

"ಕೆಂಚಜ್ಜೀ, ನಾನು ಪುಟ್ಟೀರಿ."

ಒಳಗೆ ಏನೋ ಸದ್ದಾಯಿತು. ಅಗುಳಿ ಸರಿಯಿತು. ಬಾಗಿಲು ಒಂದಿಷ್ಟು ತೆರೆಯಿತು. ಕೆಂಚಜ್ಜಿ ನಿಂತಿದ್ದಳು. ತಲೆ ಬಾಚಿರಲಿಲ್ಲ. ಕಣ್ಣು ಒಣಗಿತ್ತು.

"ಏನು?"

"ಕರಿ ಆಡು ಗಿಡ ತಿಂತು.
ಗೌರತ್ತೆ ಕಡ್ಡಿ ಕೊಡ್ತಾಳಂತೆ, ಅವಳಿಗೆ ಕುಂಡ ಬೇಕಂತೆ.
ತಿಪ್ಪಣ್ಣ ಮಾವ ಕುಂಡ ಕೊಡ್ತಾನಂತೆ, ಅವನಿಗೆ ಬೆರಣಿ ಬೇಕಂತೆ.
ಕರಿಯಕ್ಕ ಬೆರಣಿ ಕೊಡ್ತಾಳಂತೆ, ಅವಳಿಗೆ ಹೊಟ್ಟು ಬೇಕಂತೆ.
ಓಬಳಯ್ಯ ಮಾವ ಹೊಟ್ಟು ಕೊಡ್ತಾನಂತೆ, ಅವನಿಗೆ ಹಗ್ಗ ಬೇಕಂತೆ.
ಮಾರಜ್ಜ ಹಗ್ಗ ಕೊಡ್ತಾನಂತೆ, ಅವನಿಗೆ ನಾರು ಬೇಕಂತೆ.
ಅಜ್ಜೀ, ನಾರು ಕೊಡ್ತೀಯಾ?"

ಕೆಂಚಜ್ಜಿ ಒಳಗೆ ತಿರುಗಿ ನೋಡಿದಳು. ಗೂಟಕ್ಕೆ ಒಂದು ಕಟ್ಟು ನಾರು ತೂಗುಹಾಕಿತ್ತು. ಬೆಳ್ಳಗೆ, ಉದ್ದಕ್ಕೆ, ನುಣ್ಣಗೆ.

"ಕೊಡಲ್ಲ" ಅಂದಳು.

"ನಿನಗೆ ಏನು ಬೇಕು ಅಜ್ಜಿ? ಹೇಳು, ತರ್ತೀನಿ."

"ನನಗೆ ಏನೂ ಬೇಡ."

ಆಡಿಗೆ ಎಲೆ ಬೇಕಿತ್ತು. ಗೌರತ್ತೆಗೆ ಕುಂಡ ಬೇಕಿತ್ತು. ತಿಪ್ಪಣ್ಣ ಮಾವನಿಗೆ ಬೆರಣಿ ಬೇಕಿತ್ತು. ಕರಿಯಕ್ಕನಿಗೆ ಹೊಟ್ಟು ಬೇಕಿತ್ತು. ಓಬಳಯ್ಯ ಮಾವನಿಗೆ ಹಗ್ಗ ಬೇಕಿತ್ತು. ಮಾರಜ್ಜನಿಗೆ ನಾರು ಬೇಕಿತ್ತು. ಕೆಂಚಜ್ಜಿಗೆ ಏನೂ ಬೇಡ. ಏನೂ ಬೇಡ ಅನ್ನುವವರಿಗೆ ಏನು ತಂದು ಕೊಡುವುದು? ಪುಟ್ಟೀರಿಗೆ ತಿಳಿಯಲಿಲ್ಲ.

"ಈ ನಾರು ನಾನೂ ನಿನ್ನಜ್ಜಿಯೂ ತೆಗೆದಿದ್ದು" ಅಂದಳು ಕೆಂಚಜ್ಜಿ. "ಇಬ್ಬರೂ ಕತ್ತಾಳೆ ಕೊಯ್ದೆವು. ಇಬ್ಬರೂ ಕೆರೆಯಲ್ಲಿ ನೆನೆಹಾಕಿದೆವು. ಇಬ್ಬರೂ ಬಡಿದೆವು. ಆ ತುದಿ ಅವಳು ಹಿಡಿದಳು, ಈ ತುದಿ ನಾನು ಹಿಡಿದೆ. ಅದೇ ಕೊನೆ. ಇದನ್ನ ನಾನು ಯಾರಿಗೂ ಕೊಡಲ್ಲ."

ಪುಟ್ಟೀರಿ ಹೊಸಿಲ ಹತ್ತಿರ ಕೂತುಬಿಟ್ಟಳು. ಇನ್ನು ನಡೆಯಲು ಎಲ್ಲಿಗೂ ದಾರಿ ಇರಲಿಲ್ಲ. ಅಳು ಬಂತು. ಒರೆಸಿಕೊಂಡಳು. ಮತ್ತೆ ಬಂತು. ಒರೆಸಿಕೊಂಡಳು. ಮತ್ತೆ ಬಂತು.

ಕೆಂಚಜ್ಜಿ ನೋಡುತ್ತ ನಿಂತಳು. ಅವಳು ಅಳಬೇಡ ಅನ್ನಲಿಲ್ಲ. ಮೆಲ್ಲಗೆ ಬಂದು ಪುಟ್ಟೀರಿಯ ಪಕ್ಕ ಕೂತಳು.

"ಅಳು ಮಗಾ" ಅಂದಳು. "ಅತ್ತುಬಿಡು."

ಆಗ ಪುಟ್ಟೀರಿಯ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಗೆ ಬಂತು.

"ಅಜ್ಜಿ ಹೇಳಿದ್ದಳು, ನೀರು ಹಾಕು, ತಡಿಕೆ ಮುಚ್ಚು ಅಂತ. ನಾನು ನೀರು ಹಾಕಿದೆ. ತಡಿಕೆ ಮುಚ್ಚಲಿಲ್ಲ. ಅದಕ್ಕೇ ಆಡು ಬಂತು. ಅದಕ್ಕೇ ಗಿಡ ಹೋಯ್ತು. ನಾನೇ ಅಜ್ಜಿ. ನಾನೇ ಮರೆತೆ."

ಹೇಳಿ ಬಿಕ್ಕಿ ಬಿಕ್ಕಿ ಅತ್ತಳು.

ಕೆಂಚಜ್ಜಿ ಅವಳ ಬೆನ್ನ ಮೇಲೆ ಕೈ ಇಟ್ಟಳು. ಪುಟ್ಟೀರಿ ಮುಖ ಎತ್ತಿ ನೋಡಿದಳು. ಒಣಗಿದ್ದ ಕಣ್ಣು ಒದ್ದೆಯಾಗಿತ್ತು. ದೊಡ್ಡೀರಜ್ಜಿ ಹೋಗಿ ಇಷ್ಟು ದಿನಕ್ಕೆ ಕೆಂಚಜ್ಜಿ ಅಳುತ್ತಿದ್ದಳು. ಇಬ್ಬರೂ ಅತ್ತರು. ಕೆರೆ ಮೇಲೆ ಬಿಸಿಲು ಕೆಂಪಾಗುವವರೆಗೂ ಅತ್ತರು.

"ಅಜ್ಜಿಗೆ ನನ್ನ ಮೇಲೆ ಕೋಪ ಇರುತ್ತಾ?" ಅಂತ ಕೇಳಿದಳು ಪುಟ್ಟೀರಿ.

"ನಿನ್ನಜ್ಜಿ ತಾನೇ ಎರಡು ಸಲ ಗಿಡ ಕಳಕೊಂಡಿದ್ದಳು" ಅಂದಳು ಕೆಂಚಜ್ಜಿ. "ಒಂದು ಸಲ ನೀರು ಜಾಸ್ತಿ ಹಾಕಿ ಕೊಳೆಸಿದಳು. ಇನ್ನೊಂದು ಸಲ ತಡಿಕೆ ಮುಚ್ಚೋಕೆ ಮರೆತಳು. ಹಸು ಬಂದು ತಿಂತು."

"ಅಜ್ಜೀನೂ ಮರೀತಿದ್ದಳಾ?"

"ಮರೀತಿದ್ದಳು. ಮರೆತು, ಇಲ್ಲಿಗೆ ಬಂದು, ನೀನು ಕೂತಿದೀಯಲ್ಲ, ಅಲ್ಲೇ ಕೂತು ಬೇಜಾರು ಮಾಡಿಕೊಳ್ಳುತ್ತಿದ್ದಳು."

ಕೆಂಚಜ್ಜಿ ಎದ್ದಳು. ಒಳಗೆ ಹೋದಳು. ತಟ್ಟೆಯಲ್ಲಿ ಅರ್ಧ ಮುದ್ದೆ, ಸಾರು ತಂದಳು. ಪುಟ್ಟೀರಿ ತಿಂದಳು. ಅವಳು ತಿನ್ನುವುದನ್ನೇ ಕೆಂಚಜ್ಜಿ ನೋಡುತ್ತಿದ್ದಳು. ಆಮೇಲೆ ಗೂಟದಿಂದ ನಾರಿನ ಕಟ್ಟು ತೆಗೆದಳು. ಒಂದು ಸಲ ಕೆನ್ನೆಗೆ ಒತ್ತಿಕೊಂಡಳು. ಪುಟ್ಟೀರಿಯ ಕೈಗೆ ಇಟ್ಟಳು.

"ಹಿಡಿ. ಹಗ್ಗ ಆಗಲಿ" ಅಂದಳು. ಆಮೇಲೆ ಕೈ ಹಿಡಿದು ಅವಳನ್ನು ಮನೆ ಮುಟ್ಟಿಸಿ ಬಂದಳು.

ಮರುದಿನ ಬೆಳಿಗ್ಗೆ ಪುಟ್ಟೀರಿ ಹೊರಟಳು. ಹೋದ ದಾರಿಯಲ್ಲೇ ವಾಪಸು ಬಂದಳು.

ನಾರು ಮಾರಜ್ಜನಿಗೆ ಕೊಟ್ಟಳು. ಮಾರಜ್ಜ ಹಗ್ಗ ಹೊಸೆದ. ಒಂದು ತುದಿ ಅವನು ಹಿಡಿದ, ಒಂದು ತುದಿ ಪುಟ್ಟೀರಿ ಹಿಡಿದಳು. ಅವನು ಹೊಸೆದಂತೆ ಅವಳು ಹಿಂದೆ ಹಿಂದೆ ಸರಿದಳು. "ತಡಿಕೆ ಮುಚ್ಚಿರಲಿಲ್ಲ ತಾತ. ನಾನೇ ಮರೆತೆ" ಅಂತ ಹೇಳಿದಳು. ಮಾರಜ್ಜ, "ಏನು?" ಅಂದ. ಅವಳು ಜೋರಾಗಿ ಹೇಳಿದಳು. ಊರಿಗೆಲ್ಲ ಕೇಳಿಸಿತು. ಕೇಳಿಸಿದರೆ ಕೇಳಿಸಲಿ ಅನ್ನಿಸಿತು.

ಹಗ್ಗ ಓಬಳಯ್ಯನಿಗೆ ಕೊಟ್ಟಳು. ಓಬಳಯ್ಯ ಎತ್ತು ಕಟ್ಟಿದ. ಎತ್ತು ತಿರುಗಿತು, ತೆನೆ ತುಳಿಯಿತು. ರಾಗಿ ಒಂದು ಕಡೆ, ಹೊಟ್ಟು ಒಂದು ಕಡೆ.

ಹೊಟ್ಟು ಕರಿಯಕ್ಕನಿಗೆ ಕೊಟ್ಟಳು. ಕರಿಯಕ್ಕ ಕಲಸಿದಳು, ತಟ್ಟಿದಳು. ಪಟ್! ಪಟ್! ಪಟ್! "ನಾನೇ ತಡಿಕೆ ಮುಚ್ಚಿರಲಿಲ್ಲ ಅಕ್ಕ" ಅಂದಳು ಪುಟ್ಟೀರಿ. "ಹೌದಾ? ಬಾ, ಈ ಕೊನೇದನ್ನ ನೀನೇ ತಟ್ಟು" ಅಂದಳು ಕರಿಯಕ್ಕ. ದೊಡ್ಡ ದೊಡ್ಡ ಬೆರಣಿಗಳ ಕೊನೆಯಲ್ಲಿ ಒಂದು ಪುಟ್ಟ ಬೆರಣಿ. ಒಂದು ದಿನ ಒಣಗಿತು. ಎರಡು ದಿನ ಒಣಗಿತು. ಮೂರು ದಿನ, ನಾಲ್ಕು ದಿನ ಒಣಗಿತು.

ಬೆರಣಿ ತಿಪ್ಪಣ್ಣ ಮಾವನಿಗೆ ಕೊಟ್ಟಳು. ತಿಪ್ಪಣ್ಣ ಮಾವ ಆವಿಗೆ ಹೊತ್ತಿಸಿದ. ಹೊಗೆ ಎದ್ದಿತು. ಬೂದಿ ಆರಿತು. ಹಸಿ ಕುಂಡ ಕೆಂಪು ಕುಂಡ ಆಯಿತು. ಬೆರಳಲ್ಲಿ ಬಡಿದರೆ ಟಣ್ ಅಂತು. ಅಡಿಯಲ್ಲಿ ಒಂದು ತೂತು, ನೀರು ಇಳಿದುಹೋಗಲಿ ಅಂತ.

ಕುಂಡ ಗೌರತ್ತೆಗೆ ತೋರಿಸಿದಳು. ಗೌರತ್ತೆ ದೊಡ್ಡಪತ್ರೆಯ ಒಂದು ಕಡ್ಡಿ ಮುರಿದಳು. ಎಲೆ ಹುಟ್ಟುವ ಗಿಣ್ಣಿನ ಕೆಳಗೆ, ಚಟ್ ಅಂತ. ಕೆಳಗಿನ ಎಲೆ ಬಿಡಿಸಿದಳು. ಮೇಲೆ ಎರಡೇ ಎಲೆ ಬಿಟ್ಟಳು.

"ತೂತಿನ ಮೇಲೆ ಹೆಂಚಿನ ಚೂರು ಇಡು. ಕೆಮ್ಮಣ್ಣು ಹಾಕು, ಮರಳು ಹಾಕು, ಒಂದು ಹಿಡಿ ಹಳೇ ಗೊಬ್ಬರ ಹಾಕು. ಗಿಣ್ಣು ಮಣ್ಣಿನ ಒಳಗೆ ಇರಲಿ. ಚೂರೇ ಚೂರು ನೀರು ಹಾಕು. ಎಂಟು ದಿನ ನೆರಳಲ್ಲಿಡು. ಬೇರು ಬಂತಾ ಅಂತ ಕಿತ್ತು ನೋಡಬೇಡ ಮತ್ತೆ!"

"ಹೂಂ ಅತ್ತೆ. ಅತ್ತೇ, ತಡಿಕೆ ಮುಚ್ಚೋಕೆ ನಾನೇ ಮರೆತಿದ್ದೆ."

ಗೌರತ್ತೆ ಅವಳ ಕೆನ್ನೆ ಸವರಿದಳು. "ಕುಂಡ ಭಾರ. ಹುಷಾರಾಗಿ ಹೋಗು" ಅಂದಳು.

ಮನೆಗೆ ಬಂದಳು. ಅವ್ವ ಹಿತ್ತಲಲ್ಲಿ ನಿಂತಿದ್ದಳು. ಪುಟ್ಟೀರಿ ಅವ್ವನಿಗೂ ಹೇಳಿದಳು. ಮೊದಲಿಂದ ಕೊನೆವರೆಗೂ ಹೇಳಿದಳು. ಅವ್ವ ಕೂತು, ಅವಳ ಜೊತೆ ಮಣ್ಣು ಕಲಸಿದಳು.

ಕಡ್ಡಿ ನೆಟ್ಟರು. ಗೋಡೆ ಮೇಲೆ, ಸೂರಿನ ನೆರಳಲ್ಲಿ ಇಟ್ಟರು. ಮೊದಲ ದಿನ ಎಲೆ ಜೋತುಬಿತ್ತು. ಎರಡನೇ ದಿನವೂ ಜೋತುಬಿತ್ತು. ಮೂರನೇ ದಿನ ಒಂದು ಎಲೆ ಹಳದಿಯಾಗಿ ಉದುರಿತು. ಪುಟ್ಟೀರಿ ಆ ಎಲೆ ಎತ್ತಿ ಮೂಸಿದಳು. ಕಣ್ಣು ತುಂಬಿಕೊಂಡಳು. ಆದರೂ ಚೂರೇ ಚೂರು ನೀರು ಹಾಕಿದಳು. ಕಿತ್ತು ನೋಡಲಿಲ್ಲ. ದಿನಾ ಸಂಜೆ ಕೆಂಚಜ್ಜಿ ಬಂದಳು. ಬಂದು ನೋಡಿ ಹೋದಳು.

ಹತ್ತನೇ ದಿನ ಸಂಜೆ ಕಡ್ಡಿಯ ತುದಿಯಲ್ಲಿ ಏನೋ ಕಂಡಿತು. ಪುಟ್ಟ ಪುಟ್ಟ, ಜೋಡಿ ಎಲೆ. ಹೆಸರುಕಾಳಿನಷ್ಟು.

"ಅವ್ವಾ! ಕೆಂಚಜ್ಜೀ! ಬಂತು!"

ಅವ್ವ ಬಂದಳು. ಕೆಂಚಜ್ಜಿ ಏದುಸಿರು ಬಿಡುತ್ತ ಬಂದಳು. ಮೂವರೂ ಬಗ್ಗಿ ನೋಡಿದರು.

ಕೆಂಚಜ್ಜಿ ನಾರು ಕೊಟ್ಟಳು, ನಾರು ಹಗ್ಗ ಆಯ್ತು.
ಮಾರಜ್ಜ ಹಗ್ಗ ಕೊಟ್ಟ, ಹಗ್ಗ ಎತ್ತು ತಿರುಗಿಸಿತು.
ಓಬಳಯ್ಯ ಹೊಟ್ಟು ಕೊಟ್ಟ, ಹೊಟ್ಟು ಬೆರಣಿ ಆಯ್ತು.
ಕರಿಯಕ್ಕ ಬೆರಣಿ ಕೊಟ್ಟಳು, ಬೆರಣಿ ಕುಂಡ ಸುಟ್ಟಿತು.
ತಿಪ್ಪಣ್ಣ ಕುಂಡ ಕೊಟ್ಟ, ಕುಂಡಕ್ಕೆ ಮಣ್ಣು ಬಂತು.
ಗೌರತ್ತೆ ಕಡ್ಡಿ ಕೊಟ್ಟಳು, ಕಡ್ಡಿ ಗಿಡ ಆಯ್ತು.

ಹೋದ ಗಿಡ ಬಂತು. ದೊಡ್ಡೀರಜ್ಜಿ ಬರಲಿಲ್ಲ.

ಪುಟ್ಟೀರಿ ಹಳೇ ಎಲೆಯನ್ನು ಬೆರಳಲ್ಲಿ ಮೆಲ್ಲಗೆ ಉಜ್ಜಿದಳು. ಬೆರಳನ್ನು ಅವ್ವನ ಮೂಗಿಗೆ ಹಿಡಿದಳು. ಕೆಂಚಜ್ಜಿಯ ಮೂಗಿಗೆ ಹಿಡಿದಳು. ಘಮ್ ಅಂತು. ಅವ್ವ ಬಚ್ಚಲ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪುಟ್ಟೀರಿ ಅವಳ ಮಡಿಲಿಗೆ ಹೋದಳು. ಕೆಂಚಜ್ಜಿ ಹತ್ತಿರ ಕೂತಳು.

"ನನಗೂ ಒಂದು ಕಡ್ಡಿ ಕೊಡ್ತೀಯಾ ಮಗಾ?" ಅಂತ ಕೇಳಿದಳು ಕೆಂಚಜ್ಜಿ.

ಪುಟ್ಟೀರಿ ಗಿಡ ನೋಡಿದಳು. ಹಳೇ ಎಲೆ ಒಂದು. ಹೊಸ ಎಲೆ ಎರಡು.

"ಈಗ ಬೇಡ ಅಜ್ಜಿ. ಇನ್ನೂ ಚಿಕ್ಕದು. ದೊಡ್ಡದಾಗಲಿ, ಕೊಡ್ತೀನಿ" ಅಂದಳು.

"ಆಗಲಿ. ಕಾಯ್ತೀನಿ" ಅಂದಳು ಕೆಂಚಜ್ಜಿ.

ಅಷ್ಟೇ ಮಕ್ಕಳೇ. ಗಿಡ ದೊಡ್ಡದಾಗಬೇಕು, ಅದಕ್ಕೆ ದಿನ ಬೇಕು. ನಾವು ಇಲ್ಲಿಂದ ಏಳೋಣ.